ಉದ್ದ ಲೆನ್ಸ್ ಕೊಳ್ಳಬೇಕಾ, ಬೇಡ್ವಾ? ವನ್ಯಜೀವಿ ಫೋಟೊ ತೆಗೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಫಾರಿ ಜೀಪಿನಲ್ಲಿ, ಕೆರೆ ಏರಿಯ ಮೇಲೆ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಬೆಲೆಗಳನ್ನು ಬೇಕೆಂದೇ ಬಿಟ್ಟಿದ್ದೇವೆ, ಅವು ಹಬ್ಬಕ್ಕೊಂದು ಥರ ಇರುತ್ತವೆ. ತೂಕ ಹಾಗಲ್ಲ, ಅದನ್ನು ಬರೆದಿದ್ದೇವೆ. 70-300, 600 ಎಂಬ ಸಂಖ್ಯೆಗಳು ಲೆನ್ಸಿನ ಫೋಕಲ್ ಲೆಂತ್, ಮಿಲಿಮೀಟರಿನಲ್ಲಿ. ಅದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ‘ಬಾಡಿ’ ಎಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ.

## ಮೊದಲ ಲೆನ್ಸಿನ ಯೋಚನೆಯಲ್ಲಿರುವವರಿಗೆ

ನನ್ನ ಹತ್ರ 70-300 ಇದೆ. ಹಕ್ಕಿ ಚುಕ್ಕಿ ಥರ ಬರ್ತದೆ. 600 ತಗೊಂಡ್ರೆ ಸರಿ ಹೋಗತ್ತಾ?

ಮೊದಲು ಒಂದು ಸಣ್ಣ ಲೆಕ್ಕ ಹಾಕಿ. ಫ್ರೇಮಿನಲ್ಲಿ ಎಷ್ಟು ಅಗಲದ ಜಾಗ ಹಿಡಿಸುತ್ತದೆ ಎಂದು ತಿಳಿಯಲು, ದೂರವನ್ನು ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ) ಅಗಲದಿಂದ ಗುಣಿಸಿ ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿದರಾಯಿತು. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, ಕ್ರಾಪ್ ಸೆನ್ಸರ್ ಸುಮಾರು 24.

ಗದ್ದೆ ಮಿಂಚುಳ್ಳಿ ಕೊಕ್ಕಿನಿಂದ ಬಾಲದವರೆಗೆ ಹೆಚ್ಚುಕಡಿಮೆ 28 ಸೆಂ.ಮೀ. ಅದು 10 ಮೀಟರ್ ದೂರದ ತಂತಿಯ ಮೇಲೆ ಕೂತಿದ್ದರೆ, ಕ್ರಾಪ್ ಬಾಡಿಯಲ್ಲಿ 300ಕ್ಕೆ 80 ಸೆಂ.ಮೀ. ಅಗಲ ಸಿಗುತ್ತದೆ. ಅಂದರೆ ಹಕ್ಕಿ ಫ್ರೇಮಿನ ಮೂರನೇ ಒಂದು ಭಾಗ. ಚೆನ್ನಾಗಿಯೇ ಇದೆ. ಅದೇ ಹಕ್ಕಿ 40 ಮೀಟರ್ ಆಚೆ ಇದ್ದರೆ 300ರಲ್ಲಿ ಹನ್ನೊಂದನೇ ಒಂದು ಭಾಗ, 600ರಲ್ಲಿ ಆರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ನಿಮ್ಮ ಹಕ್ಕಿ ಚುಕ್ಕಿಯಾಗಿರುವುದು 40 ಮೀಟರಿನಿಂದ ತೆಗೆಯುತ್ತಿರುವುದಕ್ಕೆ. 600 ಕೊಂಡರೆ ಅದು ದೊಡ್ಡ ಚುಕ್ಕಿಯಾಗುತ್ತದೆ, ಅಷ್ಟೇ. 20 ಮೀಟರಿಗೆ ಹೋಗುವ ತಾಳ್ಮೆ ಇದ್ದರೆ ನಿಮ್ಮ 300ರಲ್ಲೂ ಅದೇ ಚಿತ್ರ ಬರುತ್ತದೆ.

ಇನ್ನೊಂದು ಪರೀಕ್ಷೆಗೆ ಕಾಸು ಖರ್ಚಿಲ್ಲ. ಕಳೆದ ವರ್ಷದ ಚಿತ್ರಗಳನ್ನು ಲೈಟ್‌ರೂಮಿನಂಥ ತಂತ್ರಾಂಶದಲ್ಲಿ ಫೋಕಲ್ ಲೆಂತ್ ಪ್ರಕಾರ ವಿಂಗಡಿಸಿ. ನೀವೇ ಮೆಚ್ಚಿ ಉಳಿಸಿಕೊಂಡವುಗಳಲ್ಲಿ ಬಹುಪಾಲು 300ರ ತುದಿಯಲ್ಲೇ ತೆಗೆದವಾಗಿದ್ದು, ಆಮೇಲೂ ಕತ್ತರಿಸಿದ್ದರೆ ಉದ್ದ ಲೆನ್ಸ್ ನಿಜಕ್ಕೂ ಬೇಕು. ಅರ್ಧಕ್ಕರ್ಧ 150-250ರಲ್ಲಿದ್ದರೆ ಕೊರತೆ ಬೇರೆಲ್ಲೋ ಇದೆ.

ಕ್ರಾಪ್ ಬಾಡಿಗೆ 400 ಹಾಕಿದ್ರೆ 600 ಆಗತ್ತೆ ಅಂತಾರಲ್ಲ, ನಿಜಾನಾ?

ಚೌಕಟ್ಟಿನ ಮಟ್ಟಿಗೆ ನಿಜ. ನಿಕಾನ್, ಸೋನಿಯಲ್ಲಿ 1.5 ಪಟ್ಟು, ಕ್ಯಾನನ್‌ನಲ್ಲಿ 1.6. ಲೆನ್ಸ್ ಮಾತ್ರ 400 ಆಗಿಯೇ ಉಳಿಯುತ್ತದೆ. ಲಾಭ ಇರುವುದು ಹಕ್ಕಿಯ ಮೇಲೆ ಎಷ್ಟು ಪಿಕ್ಸೆಲ್ ಬೀಳುತ್ತವೆ ಎಂಬುದರಲ್ಲಿ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಚಿತ್ರವನ್ನು ಅದೇ ಚೌಕಟ್ಟಿಗೆ ಕತ್ತರಿಸಿದರೆ ಉಳಿಯುವುದು ಸುಮಾರು 10.7. ಹಾಗಾಗಿ ಹಕ್ಕಿಗಾಗಿಯೇ ಫುಲ್ ಫ್ರೇಮಿಗೆ ಹಾರುವ ಮುನ್ನ, ಅಲ್ಲಿ ಇನ್ನೂ ಉದ್ದದ ಲೆನ್ಸೇ ಬೇಕಾಗುತ್ತದೆ ಎಂಬುದು ನೆನಪಿರಲಿ.

ಕಬಿನಿಗೆ ಎಷ್ಟು ಎಂಎಂ ಬೇಕು? ರಂಗನತಿಟ್ಟಿಗೆ? ಒಂದೇ ಲೆನ್ಸಲ್ಲಿ ಎಲ್ಲ ಆಗಬೇಕು.

ಕಬಿನಿಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಕಾಡಿನ ಹಾದಿಯಲ್ಲಿ ಆನೆ 15-20 ಮೀಟರಿನಲ್ಲಿ ಎದುರಾದರೆ 600ರಲ್ಲಿ ಬರುವುದು ಕಣ್ಣು, ಕಿವಿಯ ಅಂಚು. ಹುಲಿ 30 ಮೀಟರಿನಲ್ಲಿದ್ದರೆ ಕ್ರಾಪ್ ಬಾಡಿಯ 600ಕ್ಕೆ ಸಿಗುವ ಅಗಲ 1.2 ಮೀಟರ್, ಮುಖ ಮತ್ತು ಭುಜ ಮಾತ್ರ. ಬೇಸಿಗೆಯಲ್ಲಿ ಹಿನ್ನೀರಿನ ದಡಕ್ಕೆ ಬರುವ ಆನೆ ಹಿಂಡಿಗೆ ಜಾಗವೂ ಸೇರಿದ ಚಿತ್ರ ಚೆಂದ. ಅಲ್ಲಿ 100-400 ಥರದ ಜೂಮ್ ಸಾಕೋ ಸಾಕು. 600 ಬೇಕಾಗುವುದು ಆಚೆ ದಡದ ಮೀನುಗಿಡುಗಕ್ಕೆ, ಮರದ ಮೇಲಿನ ಚಿರತೆಗೆ.

ರಂಗನತಿಟ್ಟಿನಲ್ಲಿ ದೋಣಿಯೇ ನಿಮ್ಮನ್ನು ಹತ್ತಿರ ಒಯ್ಯುತ್ತದೆ. ಬಂಡೆಯ ಮೇಲಿನ ಮೊಸಳೆಗೆ, ಗೂಡಿನ ಬಣ್ಣದ ಕೊಕ್ಕರೆಗೆ 300 ಧಾರಾಳ. ಹಾರುವ ಹಕ್ಕಿಗೆ 400 ಹಿತ. ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಕಿಟ್ ಲೆನ್ಸಿನ ಜೊತೆ ಬರುವ 55-250ಕ್ಕೂ ಕೆಲಸವಿದೆ. ದಾಂಡೇಲಿ ಕಡೆ ಗಣೇಶಗುಡಿಯಲ್ಲಿ ಹಕ್ಕಿಗಳು ನೀರಿನ ತೊಟ್ಟಿಗೆ ಹತ್ತಿರದಲ್ಲೇ ಇಳಿಯುತ್ತವೆ. ದೂರ ಅಲ್ಲಿ ತೊಂದರೆಯಲ್ಲ, ಮರದ ನೆರಳಿನ ಕತ್ತಲೆ ತೊಂದರೆ.

ಇದಕ್ಕೆ ಪೂರ್ತಿ ವಿರುದ್ಧ ಬಯಲುನಾಡು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ, ಹೆಸರಘಟ್ಟದ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ಬರುವ ಸೆಳೆವಗಳು (ಹ್ಯಾರಿಯರ್ ಹಕ್ಕಿಗಳು), ದರೋಜಿಯಲ್ಲಿ ವೀಕ್ಷಣಾ ಗೋಪುರದಿಂದ ಕಾಣುವ ಕರಡಿ: ಇಲ್ಲೆಲ್ಲ 600 ಕೂಡ ಗಿಡ್ಡವೇ.

ಒಂದೇ ಲೆನ್ಸ್ ಎಂದರೆ, ವರ್ಷಕ್ಕೊಮ್ಮೆ ಹೋಗುವ ಕಬಿನಿಗಾಗಿ ಕೊಳ್ಳಬೇಡಿ. ಪ್ರತಿ ಭಾನುವಾರ ಹೋಗುವ ಮನೆ ಹತ್ತಿರದ ಕೆರೆಗಾಗಿ ಕೊಳ್ಳಿ. ಕಬಿನಿಗೆ ಬಾಡಿಗೆ ಲೆನ್ಸ್ ಸಿಗುತ್ತದೆ.

ಬಜೆಟ್ ಕಮ್ಮಿ. ಪಿ900, ಪಿ1000 ಥರದ ಕ್ಯಾಮೆರಾ ಸಾಕಾ?

ಇವು ಲೆನ್ಸ್ ಬದಲಿಸಲಾಗದ ನಿಕಾನ್ ಜೂಮ್ ಕ್ಯಾಮೆರಾಗಳು. ಹಕ್ಕಿ ಗುರುತಿಸಲು, ಪಟ್ಟಿಗೆ ಸಾಕ್ಷಿ ಚಿತ್ರ ಸೇರಿಸಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. 2015ರ ಪಿ900 2000 ಮಿ.ಮೀ.ಗೆ ಸಮನಾದ ಚೌಕಟ್ಟು ಕೊಡುತ್ತದೆ, 2018ರ ಪಿ1000 3000ಕ್ಕೆ. ಸೆನ್ಸರ್ ಮಾತ್ರ ಕಿರುಬೆರಳಿನ ಉಗುರಿಗಿಂತ ದೊಡ್ಡದಲ್ಲ. ಬೆಳಿಗ್ಗೆ ಎಂಟರ ಬಿಸಿಲಲ್ಲಿ ಚೆನ್ನ, ಆರೂವರೆಯ ಕಾಡಿನಲ್ಲಿ ಕಷ್ಟ, ಹಾರುವ ಹಕ್ಕಿಗೆ ಫೋಕಸ್ ನಿಧಾನ. ಮಧ್ಯದ ದಾರಿ ಸೋನಿ ಆರ್‌ಎಕ್ಸ್10 ನಾಲ್ಕನೇ ಮಾದರಿ. 1 ಇಂಚು ವರ್ಗದ ಸೆನ್ಸರ್, 600ಕ್ಕೆ ಸಮನಾದ ಜೂಮ್, ಒಟ್ಟು 1.1 ಕೆ.ಜಿ.

## ಯಾವುದನ್ನು ಆರಿಸುವುದು

ಸಿಗ್ಮಾ 150-600ಆ, ಟ್ಯಾಮ್ರಾನ್ ಜಿ2ನಾ, ನಿಕಾನ್ 200-500ಆ? ಮೂರೂ ಒಂದೇ ಥರ ಕಾಣತ್ತೆ.

ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ; ಕನ್ನಡಿ ಇಲ್ಲದ್ದು ಮಿರರ್‌ಲೆಸ್) ಇರುವವರ ಹಳೆಯ ತ್ರಿಕೋನ ಇದು. ತೀಕ್ಷ್ಣತೆಯಲ್ಲಿ ಒಂದು ಕಂಪನಿಗೂ ಇನ್ನೊಂದಕ್ಕೂ ಇರುವುದಕ್ಕಿಂತ, ಒಂದೇ ಮಾದರಿಯ ಒಂದು ಪ್ರತಿಗೂ ಇನ್ನೊಂದಕ್ಕೂ ವ್ಯತ್ಯಾಸ ಹೆಚ್ಚಿರಬಹುದು. ಹಾಗಾಗಿ ಕೈಗೆ ಸಿಗುವ ವಿಷಯಗಳನ್ನು ನೋಡಿ. ಸಿಗ್ಮಾ ಕಂಟೆಂಪರರಿ 1.93 ಕೆ.ಜಿ., ಟ್ಯಾಮ್ರಾನ್ ಜಿ2 ಸುಮಾರು 2 ಕೆ.ಜಿ., ನಿಕಾನ್ 200-500 ಟ್ರೈಪಾಡಿಗೆ ಸಿಕ್ಕಿಸುವ ಕಾಲರ್ ಸೇರಿ 2.3 ಕೆ.ಜಿ. ಸಿಗ್ಮಾದ ‘ಸ್ಪೋರ್ಟ್ಸ್’ ಡಿಎಸ್‌ಎಲ್‌ಆರ್ ಮಾದರಿ 2.86 ಕೆ.ಜಿ., ಕೈಯಲ್ಲಿ ಹಿಡಿದು ತೆಗೆಯುವವರಿಗೆ ಬೇಡ.

ಸಿಗ್ಮಾದ ಜೂಮ್ ಉಂಗುರ ಕ್ಯಾನನ್ ದಿಕ್ಕಿಗೆ ತಿರುಗುತ್ತದೆ, ಟ್ಯಾಮ್ರಾನ್‌ದು ನಿಕಾನ್ ದಿಕ್ಕಿಗೆ. ಕ್ಷುಲ್ಲಕ ಅನ್ನಿಸಬಹುದು, ಆದರೆ ಹಕ್ಕಿ ಹಾರಿದಾಗ ಕೈ ಹಳೆಯ ಅಭ್ಯಾಸದ ಕಡೆಗೇ ತಿರುಗುವುದು. ನಿಕಾನ್ ಕೊನೆಯವರೆಗೂ ಎಫ್/5.6 ಕೊಡುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು), ಆದರೆ 200ರಿಂದ 500ಕ್ಕೆ ಹೋಗಲು ಉಂಗುರವನ್ನು ಎರಡು ಸಲ ಹಿಡಿದು ತಿರುಗಿಸಬೇಕು. ಅದರ ಅಪರ್ಚರ್ (ಬೆಳಕು ಬಿಡುವ ಕಂಡಿ) ವಿದ್ಯುತ್ತಿನಿಂದ ನಡೆಯುವುದರಿಂದ ಡಿ90, ಡಿ3000ದಂಥ ಹಳೆಯ ಬಾಡಿಗಳಿಗೆ ಹೊಂದುವುದಿಲ್ಲ.

ಮಿರರ್‌ಲೆಸ್‌ಗೆ ಹೋಗಬೇಕು ಅಂತಿದೀನಿ. ಈಗ ಡಿಎಸ್‌ಎಲ್‌ಆರ್ ಲೆನ್ಸ್ ಕೊಂಡ್ರೆ ದುಡ್ಡು ದಂಡನಾ?

ಹೊಸದಾಗಿ ಕೊಂಡರೆ ಹೌದು. ಬಳಸಿದ್ದನ್ನು ಕೊಂಡರೆ ಅಲ್ಲ, ಏಕೆಂದರೆ ಮಿರರ್‌ಲೆಸ್‌ಗೆ ಹೋದವರು ಮಾರುತ್ತಿರುವುದು ಅವನ್ನೇ. ಕ್ಯಾನನ್‌ನ ಇಎಫ್ (ಡಿಎಸ್‌ಎಲ್‌ಆರ್) ಲೆನ್ಸ್ ಅಡಾಪ್ಟರ್ ಹಾಕಿದರೆ ಆರ್‌ಎಫ್ (ಮಿರರ್‌ಲೆಸ್) ಬಾಡಿಯಲ್ಲಿ ಚೆನ್ನಾಗಿ ನಡೆಯುತ್ತದೆ. ನಿಕಾನ್‌ನ ಎಎಫ್-ಎಸ್ ಲೆನ್ಸ್ ಕೂಡ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಫೋಕಸ್ ಮಾಡುತ್ತದೆ. ಮೋಟಾರಿಲ್ಲದ ಹಳೆಯ ಎಎಫ್-ಡಿ ಮಾತ್ರ ಕೈಯಿಂದಲೇ.

ಹೊಸ ವ್ಯವಸ್ಥೆ ಆರಿಸುವವರು ಬಾಡಿಗಿಂತ ಮುಂಚೆ ಲೆನ್ಸ್ ಪಟ್ಟಿ ನೋಡಬೇಕು. ಸೋನಿಗೆ 200-600 (2.1 ಕೆ.ಜಿ.), ನಿಕಾನ್‌ಗೆ 180-600 (ಕಾಲರ್ ಬಿಟ್ಟು 1.95 ಕೆ.ಜಿ.). ಎರಡೂ ಒಳಗೇ ಜೂಮ್ ಆಗುತ್ತವೆ, ಉದ್ದ ಬದಲಾಗದು. ಹೊರಗೆ ಚಾಚುವ ಜೂಮ್ ಬಂಡೀಪುರದ ಕೆಂಪು ದೂಳನ್ನು ಸೈಕಲ್ ಪಂಪಿನ ಥರ ಒಳಗೆಳೆಯುತ್ತದೆ. ಕ್ಯಾನನ್‌ಗೆ ಹಗುರದ ಆರ್‌ಎಫ್ 100-400 ಬರೀ 635 ಗ್ರಾಂ, 100-500 ಕಾಲರ್ ಬಿಟ್ಟು 1.37 ಕೆ.ಜಿ., 200-800 2.05 ಕೆ.ಜಿ. ಸೋನಿ ಬಾಡಿಗೆ ಸಿಗ್ಮಾ, ಟ್ಯಾಮ್ರಾನ್ ಹಾಕಿದರೆ ವೇಗ ಸೆಕೆಂಡಿಗೆ 15 ಚಿತ್ರಕ್ಕೆ ನಿಲ್ಲುತ್ತದೆ, ಟೆಲಿಕನ್ವರ್ಟರೂ (ಲೆನ್ಸಿಗೂ ಬಾಡಿಗೂ ನಡುವೆ ಹಾಕಿ ಚಿತ್ರ ಹಿಗ್ಗಿಸುವ ತುಣುಕು) ಸಿಗುವುದಿಲ್ಲ. ಕೆರೆಯ ಹಕ್ಕಿಗೆ 15 ಬೇಕಾದಷ್ಟಾಯಿತು.

ಎಫ್/6.3 ಅಂದ್ರೆ ಕಾಡಲ್ಲಿ ಏನೂ ಬರಲ್ಲ, 70-200 ಎಫ್/2.8 ತಗೋ ಅಂತಾರೆ. ಸರೀನಾ?

ಅರ್ಧ ಸರಿ. ಹೆಚ್ಚು ದುಡ್ಡು ದಾರಿ ತಪ್ಪುವುದೂ ಇಲ್ಲೇ.

ಬೆಳಿಗ್ಗೆ ಆರೂವರೆಗೆ ಮರದಡಿ ಎಫ್/6.3, 1/250 ಸೆಕೆಂಡಿಗೆ ಐಎಸ್‌ಒ (ಸೆನ್ಸರ್ ಬೆಳಕನ್ನು ಹಿಗ್ಗಿಸುವ ಮಟ್ಟ; ಏರಿದಷ್ಟೂ ಚಿತ್ರ ಕಾಳುಕಾಳು) 6400 ಬೇಕು ಎಂದಿಟ್ಟುಕೊಳ್ಳಿ. ಅದೇ ಬೆಳಕಿಗೆ ಎಫ್/4ರಲ್ಲಿ 2500, ಎಫ್/2.8ರಲ್ಲಿ 1250 ಸಾಕು. ಪ್ರಾಣಿ ಹತ್ತಿರದಲ್ಲಿದ್ದು 200ರಲ್ಲೇ ಫ್ರೇಮ್ ತುಂಬಿದರೆ 2.8 ಗೆದ್ದಂತೆ.

ಪ್ರಾಣಿ ದೂರವಿದ್ದರೆ ಲೆಕ್ಕ ತಿರುಗುತ್ತದೆ. ಲೆನ್ಸಿನ ಮಿಲಿಮೀಟರನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ಬರುವುದು ಬೆಳಕು ಒಳಹೋಗುವ ಬಾಗಿಲಿನ ಅಗಲ. 200/2.8 ಅಂದರೆ 71 ಮಿ.ಮೀ. 600/6.3 ಅಂದರೆ 95 ಮಿ.ಮೀ. (ಸಿಗ್ಮಾ ಕಂಟೆಂಪರರಿ, ಟ್ಯಾಮ್ರಾನ್ ಜಿ2 ಲೆನ್ಸುಗಳ ಮುಂದೆ 95 ಮಿ.ಮೀ. ಫಿಲ್ಟರ್ ಗಾತ್ರ ಬರೆದಿರುವುದು ಕಾಕತಾಳೀಯವಲ್ಲ.) ಅದೇ ಜಿಂಕೆಯಿಂದ ಹೊರಟ ಬೆಳಕನ್ನು 600 ಹೆಚ್ಚು ಹಿಡಿಯುತ್ತದೆ. 200ರಲ್ಲಿ ತೆಗೆದು 600ರ ಚೌಕಟ್ಟಿಗೆ ಕತ್ತರಿಸಿದರೆ ಒಂಬತ್ತರಲ್ಲೊಂದು ಭಾಗ ಪಿಕ್ಸೆಲ್ ಉಳಿಯುತ್ತದೆ. 24 ಮೆಗಾಪಿಕ್ಸೆಲ್ ಇದ್ದದ್ದು 2.7. ನಾಯ್ಸ್ (ಚಿತ್ರದ ಕಾಳುಕಾಳು ಕಲೆ) ಕೂಡ ಅದೇ ಪ್ರಮಾಣದಲ್ಲಿ ಹಿಗ್ಗಿ ಕಾಣುತ್ತದೆ.

ಹಾಗಾಗಿ ದೂರದ ಪ್ರಾಣಿಗೆ ಲೆನ್ಸುಗಳನ್ನು ಹೋಲಿಸುವಾಗ ಬಾಗಿಲಿನ ಅಗಲ ಹೋಲಿಸಿ: 300/5.6ಕ್ಕೆ 54, 400/5.6ಕ್ಕೆ 71, 500/5.6ಕ್ಕೆ 89, 400/2.8ಕ್ಕೆ 143, 600/4ಕ್ಕೆ 150. ಕೊನೆಯ ಎರಡು ಕಾರಿನ ಬೆಲೆ ಮುಟ್ಟುವುದು ಆ ಅಗಲದ ಗಾಜಿಗೆ. ನಡುವೆ ನಿಲ್ಲುವವರಿಗೆ 500 ಎಫ್/5.6 ಪ್ರೈಮ್ (ಜೂಮ್ ಆಗದ ಲೆನ್ಸ್) ಇದೆ. ನಿಕಾನ್‌ನ ಪಿಎಫ್ 1.46 ಕೆ.ಜಿ., ಸಿಗ್ಮಾದ 2024ರದ್ದು 1.37.

ಟೆಲಿಕನ್ವರ್ಟರ್ ಹಾಕಿ ಕಮ್ಮಿ ಖರ್ಚಲ್ಲಿ ಮುಗಿಸಬಹುದಾ?

ಬಾಗಿಲು ಅಷ್ಟೇ ಇರುತ್ತದೆ, ಚಿತ್ರ ಮಾತ್ರ ಹಿಗ್ಗುತ್ತದೆ. 600/6.3ಕ್ಕೆ 1.4 ಪಟ್ಟಿನದು ಹಾಕಿದರೆ 840 ಎಫ್/9. ಎಫ್/8ಕ್ಕಿಂತ ಆಚೆ ಡಿಎಸ್‌ಎಲ್‌ಆರ್‌ಗಳ ಫೋಕಸ್ ಕೈಕೊಡುತ್ತದೆ. ಕನ್ವರ್ಟರ್ ಇರುವುದು 300 ಎಫ್/2.8, 500 ಎಫ್/4ರಂಥ ಅಗಲ ಬಾಗಿಲಿಗೆ. ಕ್ಯಾನನ್ 100-500ಕ್ಕೆ ಹಾಕುವವರು ಗಮನಿಸಿ, ಕನ್ವರ್ಟರ್ ಇದ್ದಾಗ ಅದು 300ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ.

## ದುಡ್ಡಿನ ವಿಷಯ

ಬಾಡಿಗೆಗೆ ತಗೊಳ್ಳೋದಾ, ಕೊಂಡೇಬಿಡೋದಾ?

ಸುಮ್ಮನೆ ಲೆಕ್ಕಕ್ಕೆ: ಲಕ್ಷದ ಲೆನ್ಸ್ ಮೂರು ವರ್ಷದ ಮೇಲೆ 60,000ಕ್ಕೆ ಹೋದರೆ ನಿಮ್ಮ ಖರ್ಚು 40,000. ದಿನಕ್ಕೆ 1,000 ಬಾಡಿಗೆಯಾದರೆ ಅದು 40 ದಿನ, ವರ್ಷಕ್ಕೆ ಹದಿಮೂರು. ನಿಮ್ಮ ಊರಿನ ನಿಜವಾದ ದರ ಹಾಕಿ ನೋಡಿ. ಅದಕ್ಕಿಂತ ಹೆಚ್ಚು ದಿನ ಹೊರಗೆ ಹೋಗುವವರು ಕೊಳ್ಳಲಿ.

ಕೊಳ್ಳುವವರೂ ಒಮ್ಮೆ ಬಾಡಿಗೆಗೆ ತಂದು, ಸಫಾರಿಗಲ್ಲ, ಮನೆ ಹತ್ತಿರದ ಕೆರೆಗೆ ಎರಡು ಗಂಟೆ ಹೊತ್ತು ನಡೆಯಿರಿ. ಬಾಡಿ ಸೇರಿ 3 ಕೆ.ಜಿ. ಕತ್ತಿನಲ್ಲಿ ನೇತಾಡುತ್ತಿದ್ದರೆ ಒಂಬತ್ತು ಗಂಟೆಗೆ ನಿಮ್ಮ ಅಭಿಪ್ರಾಯ ಬೇರೆಯಿರುತ್ತದೆ. ಬಾಡಿಗೆಗೆ ತರುವಾಗ ಮುಂದಿನ, ಹಿಂದಿನ ಗಾಜು ಮತ್ತು ಹುಡ್‌ನ ಗೀರುಗಳನ್ನು ಅಂಗಡಿಯಲ್ಲೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುವ ಸಫಾರಿಗಳಿವೆ, ಬುಕ್ ಮಾಡುವಾಗಲೇ ಕೇಳಿ.

ಸೆಕೆಂಡ್ ಹ್ಯಾಂಡ್ ನೋಡಕ್ಕೆ ಹೋಗ್ತಿದೀನಿ. ಏನೇನು ಚೆಕ್ ಮಾಡಲಿ?

ನಿಮ್ಮ ಬಾಡಿ, ಚಾರ್ಜ್ ಆದ ಬ್ಯಾಟರಿ, ಖಾಲಿ ಕಾರ್ಡ್, ಸಣ್ಣ ಟಾರ್ಚ್ ಒಯ್ಯಿರಿ. ಹಗಲಲ್ಲೇ ಹೋಗಿ.

ಮೊದಲು ಟಾರ್ಚ್. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ, ಆಮೇಲೆ ಅದಲು ಬದಲು. ಬಿಡಿ ಬಿಡಿ ದೂಳಿನ ಕಣಗಳಿಗೆ ಹೆದರಬೇಡಿ. ಜೇಡರ ಬಲೆಯ ಎಳೆಯಂತೆ ಕವಲೊಡೆದದ್ದು ಕಂಡರೆ ಅದು ಫಂಗಸ್, ಅಂಚಿನಲ್ಲಿ ಒಂದೇ ಎಳೆ ಇದ್ದರೂ ಎದ್ದು ಬನ್ನಿ. ಒಳಗಾಜಿನ ಮೇಲೆ ಉಸಿರು ಬಿಟ್ಟಂಥ ಮಂಕು ಇದ್ದರೂ ಅಷ್ಟೇ.

ಆಮೇಲೆ ಮೈ. ಫಿಲ್ಟರ್ ಉಂಗುರ ಚಪ್ಪಟೆಯಾಗಿದ್ದರೆ ಬಿದ್ದಿರುವ ಲೆನ್ಸ್. ಮೌಂಟಿನ ತಿರುಪುಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಜೂಮನ್ನು ಮೆಲ್ಲಗೆ ಈ ತುದಿಯಿಂದ ಆ ತುದಿಗೆ ತಿರುಗಿಸಿ. ನಡುವೆ ಎಲ್ಲಾದರೂ ಬಿಗಿಯಾಗಿ, ಮರಳು ಉಜ್ಜಿದಂತಾದರೆ ಬೇಡ. ತನ್ನ ಭಾರಕ್ಕೆ ತಾನೇ ಕೆಳಗೆ ಜಾರುವುದು ಈ ಜೂಮ್‌ಗಳಲ್ಲಿ ಸಾಮಾನ್ಯ, ಚೌಕಾಸಿಗಷ್ಟೇ ಬಳಸಿ.

ನಿಮ್ಮ ಕ್ಯಾಮೆರಾಕ್ಕೆ ಹಾಕಿ ಶಟರ್ ಅರ್ಧ ಒತ್ತಿ. ಸ್ಟೆಬಿಲೈಸರ್ (ಕೈ ನಡುಕ ತಡೆಯುವ ಭಾಗ) ಸರಿಯಾಗಿ ಕೂತರೆ ವ್ಯೂಫೈಂಡರಿನ ಚಿತ್ರ ತೇಲಿದಂತಾಗಿ ನಿಲ್ಲುತ್ತದೆ. ನಿಲ್ಲದೆ ನಡುಗುತ್ತಿದ್ದರೆ ರಿಪೇರಿ ಖರ್ಚು ದೊಡ್ಡದು. ಮೂರು ಮೀಟರಿನ ಗೋಡೆಗೂ ದೂರದ ನೀರಿನ ಟ್ಯಾಂಕಿಗೂ ಹತ್ತು ಹತ್ತು ಸಲ ಫೋಕಸ್ ಬದಲಿಸಿ. ಪೂರ್ತಿ ತೆರೆದ ಅಪರ್ಚರ್, ಜೂಮಿನ ಕೊನೆ, 1/1000ಕ್ಕೆ ಒಂದು ಬೋರ್ಡಿನ ಅಕ್ಷರ ತೆಗೆದು ನಾಲ್ಕೂ ಮೂಲೆ ಹಿಗ್ಗಿಸಿ ನೋಡಿ. ಒಂದೇ ಮೂಲೆ ಮಸುಕಾಗಿದ್ದರೆ ಒಳಗಾಜು ಪಕ್ಕಕ್ಕೆ ಸರಿದಿದೆ. ಕೊನೆಗೆ ಬಿಲ್ಲಿನ ಸೀರಿಯಲ್ ನಂಬರ್ ಲೆನ್ಸಿನ ಮೇಲಿನದಕ್ಕೆ ತಾಳೆಯಾಗಬೇಕು.

ಅಮೆರಿಕದಿಂದ ಅಣ್ಣ ಬರ್ತಿದಾನೆ. ಅಲ್ಲಿಂದ ತರಿಸಲಾ?

ಅಲ್ಲಿನ ಮಾರಾಟ ತೆರಿಗೆ, ಇಲ್ಲಿನ ಕಸ್ಟಮ್ಸ್ ಸುಂಕ ಎರಡನ್ನೂ ಸೇರಿಸಿದ ಮೇಲೆ ಉಳಿತಾಯ ಎಷ್ಟೆಂದು ನೋಡಿ. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಆ ಕಂಪನಿಯ ಇಲ್ಲಿನ ಸರ್ವಿಸ್ ಕೇಂದ್ರವನ್ನು ಬರಹದಲ್ಲೇ ಕೇಳಿ.

## ಕೊಂಡ ಮೇಲೆ

ಹೊಸ 600 ತಂದೆ. ಒಂದೂ ಶಾರ್ಪ್ ಬರ್ತಿಲ್ಲ. ಲೆನ್ಸೇ ಖರಾಬಾ?

ಲೆನ್ಸನ್ನು ಕೊನೆಗೆ ಅನುಮಾನಿಸಿ. ಮುಂದಿನ ಯುವಿ ಫಿಲ್ಟರ್ ತೆಗೆದು ಬಿಸಾಡಿ, ಹುಡ್ ಸಾಕು. ಕ್ರಾಪ್ ಬಾಡಿಯಲ್ಲಿ ಕೈಯಲ್ಲಿ ಹಿಡಿದು ತೆಗೆಯುವಾಗ 1/1000ಕ್ಕಿಂತ ಕೆಳಗಿಳಿಯಬೇಡಿ. ಸ್ಟೆಬಿಲೈಸರ್ ನಿಮ್ಮ ಕೈ ನಡುಕ ನಿಲ್ಲಿಸುತ್ತದೆ, ಹಕ್ಕಿಯ ಕತ್ತು ತಿರುಗುವುದನ್ನಲ್ಲ. ಹಾರುವುದಕ್ಕೆ 1/2000, ನೀರಿಗೆ ಧುಮುಕುವ ಮಿಂಚುಳ್ಳಿಗೆ 1/3200.

10 ಮೀಟರಿನಲ್ಲಿ 600 ಎಫ್/6.3ಕ್ಕೆ ಕ್ರಾಪ್ ಬಾಡಿಯಲ್ಲಿ ಸಿಗುವ ಸ್ಪಷ್ಟ ಆಳ ಸುಮಾರು 7 ಸೆಂ.ಮೀ. ಫೋಕಸ್ ಎದೆಯ ಗರಿಗೆ ಕೂತರೆ ಕಣ್ಣು ಆಗಲೇ ಅಂಚಿನಲ್ಲಿದೆ. ಒಂದೇ ಫೋಕಸ್ ಬಿಂದುವನ್ನು ಕಣ್ಣಿನ ಮೇಲಿಡಿ. ಕಣ್ಣು ಹಿಡಿಯುವ ಮಿರರ್‌ಲೆಸ್ ಇದ್ದರೆ ಈ ತಲೆನೋವಿಲ್ಲ.

ಚಿತ್ರ ಬೆಳಿಗ್ಗೆ ಏಳಕ್ಕೆ ಚೆನ್ನಾಗಿದ್ದು ಹತ್ತಕ್ಕೆ ಕೆಟ್ಟರೆ ಕಾರಣ ಬಿಸಿಗಾಳಿ. ಕಾದ ನೆಲದಿಂದೇಳುವ ಗಾಳಿ ಬಿಂಬವನ್ನು ಕುಣಿಸುತ್ತದೆ. ಸತತ ಹತ್ತು ಚಿತ್ರ ತೆಗೆದರೆ ಒಂದೊಂದರಲ್ಲೂ ಅಂಚು ಒಂದೊಂದು ಥರ ಮಸುಕಾಗಿರುತ್ತದೆ. ಕಾರಿನ ಕಿಟಕಿಯಿಂದ ತೆಗೆಯುವಾಗ ಬಾನೆಟ್ಟಿನ ಬಿಸಿಯಿಂದಲೂ ಇದಾಗುತ್ತದೆ. ಲಕ್ಷ ಕೊಟ್ಟರೂ ಇದಕ್ಕೆ ಮದ್ದಿಲ್ಲ, ಹತ್ತಿರ ಹೋಗಬೇಕು ಇಲ್ಲವೇ ಬೇಗ ಏಳಬೇಕು.

ಇಷ್ಟಾದ ಮೇಲೂ ಅನುಮಾನವಿದ್ದರೆ ಮೋಡದ ದಿನ, ಟ್ರೈಪಾಡ್ ಮೇಲೆ, ಸ್ಟೆಬಿಲೈಸರ್ ಆಫ್ ಮಾಡಿ, 8 ಮೀಟರಿನಲ್ಲಿ ನಿಲ್ಲಿಸಿದ ದಿನಪತ್ರಿಕೆಯನ್ನು ಎರಡು ಸೆಕೆಂಡ್ ಟೈಮರಿನಲ್ಲಿ ತೆಗೆಯಿರಿ. ಡಿಎಸ್‌ಎಲ್‌ಆರ್‌ನಲ್ಲಿ ಒಮ್ಮೆ ವ್ಯೂಫೈಂಡರಿನಿಂದ, ಒಮ್ಮೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿಕೊಂಡು). ಲೈವ್ ವ್ಯೂ ಚೆನ್ನಾಗಿದ್ದು ಇನ್ನೊಂದು ಮಸುಕಾದರೆ ಫೋಕಸ್ ಹೊಂದಾಣಿಕೆ ತಪ್ಪಿದೆ, ಬಾಡಿಯ ಮೆನುವಿನಲ್ಲೋ ಸಿಗ್ಮಾ, ಟ್ಯಾಮ್ರಾನ್‌ನವರ ಯುಎಸ್‌ಬಿ ಡಾಕ್‌ನಲ್ಲೋ ಸರಿಪಡಿಸಬಹುದು. ಎರಡೂ ಮಸುಕಾದರೆ ಆಗ ಲೆನ್ಸ್ ಬದಲಿಸಿಕೊಡಿ ಎನ್ನಿ.

ಜೀಪಲ್ಲಿ ಟ್ರೈಪಾಡ್ ಇಡಕ್ಕಾಗಲ್ಲ. ಏನು ಮಾಡೋದು?

ಬೀನ್ ಬ್ಯಾಗ್. ಖಾಲಿ ಚೀಲ ಒಯ್ದು, ಅಲ್ಲೇ ಅಂಗಡಿಯಲ್ಲಿ 2-3 ಕೆ.ಜಿ. ರಾಗಿ ತುಂಬಿಸಿ. ಕಾಳು ಸಣ್ಣದಾಗಿ ಉರುಟಾಗಿರುವುದರಿಂದ ಲೆನ್ಸಿನ ಮೈಗೆ ಅಕ್ಕಿಗಿಂತ ಚೆನ್ನಾಗಿ ಕೂರುತ್ತದೆ. ಪೂರ್ತಿ ಗಿಡಿಯಬೇಡಿ, ಮುಕ್ಕಾಲು ಸಾಕು. ವಾಪಸು ಬರುವಾಗ ರಾಗಿಯನ್ನು ಯಾರಿಗಾದರೂ ಕೊಟ್ಟರೆ ಚೀಲದಲ್ಲಿ ಹುಳ ಹಿಡಿಯುವುದಿಲ್ಲ. ಇಂಜಿನ್ ಓಡುತ್ತಿದ್ದರೆ ಯಾವ ಚೀಲವೂ ಕೆಲಸಕ್ಕೆ ಬಾರದು, ಆಫ್ ಮಾಡಲು ಡ್ರೈವರಿಗೆ ಮೊದಲೇ ಹೇಳಿಟ್ಟಿರಿ.

ಶಿವಮೊಗ್ಗದಲ್ಲಿದೀನಿ. ಮಳೆಗಾಲದಲ್ಲಿ ಫಂಗಸ್ ಬರದಂಗೆ ಹೇಗಿಡೋದು?

ಗಾಳಿಯಾಡದ ಡಬ್ಬಿ, ಒಳಗೊಂದು ತೇವಾಂಶ ಮಾಪಕ, ಸಿಲಿಕಾ ಜೆಲ್. ಮುಳ್ಳು 40-50ರ ನಡುವೆ ನಿಲ್ಲಲಿ. ಜೆಲ್ ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಎರಡು ಮೂರು ಲೆನ್ಸ್ ಆದ ಮೇಲೆ ಕರೆಂಟಿನ ಡ್ರೈ ಕ್ಯಾಬಿನೆಟ್ಟೇ ಅಗ್ಗ. ಬಟ್ಟೆಯ ಕ್ಯಾಮೆರಾ ಬ್ಯಾಗಿನಲ್ಲಿ, ಅದೂ ಬೀರುವಿನೊಳಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡುವುದು ಫಂಗಸ್‌ಗೆ ತೊಟ್ಟಿಲು ಕಟ್ಟಿದಂತೆ.

ಉದ್ದ ಲೆನ್ಸ್ ಇದ್ರೆ ಗೂಡಿನ ಫೋಟೊ ದೂರದಿಂದ ತೆಗೀಬಹುದಲ್ವಾ?

ದೂರ ಎಷ್ಟೆಂದು ತೀರ್ಮಾನಿಸುವುದು ಹಕ್ಕಿ, ಲೆನ್ಸಲ್ಲ. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಗೂಡಿಗೆ ಹೋಗದೆ ಪಕ್ಕದ ಕೊಂಬೆಯಲ್ಲೇ ಕೂತು ಕೂಗುತ್ತಿದ್ದರೆ ನೀವು ತೀರಾ ಹತ್ತಿರ ಇದ್ದೀರಿ, ಕೈಯಲ್ಲಿ 800 ಇದ್ದರೂ ಸರಿ. ಅಡ್ಡ ಬಂದ ಎಲೆ ಸವರಿದರೆ ಗೂಡು ಕಾಗೆಗೂ ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯ ಲೆಕ್ಕಕ್ಕೇ ಸೇರಿಸುತ್ತದೆ. ಅಪ್ಪಿತಪ್ಪಿ ಗೂಡು ಫ್ರೇಮಿಗೆ ಬಂದಿದ್ದರೆ ಚಿತ್ರದೊಳಗಿನ ಜಿಪಿಎಸ್ ಅಳಿಸಿ, ಊರಿನ ಹೆಸರು ಬರೆಯಬೇಡಿ.